ಶ್ರದ್ಧಾಂಜಲಿಯಲ್ಲಿ ಒಂದು ಟಾರ್ಪಾಲು

ಕೆಲವು ತಪ್ಪುಗಳನ್ನು ಒಪ್ಪಿಕೊಳ್ಳಲು ಧೈರ್ಯ ಬೇಕು. ಕೆಲವಕ್ಕೆ ಸರಿಯಾದ ಲಿಪಿ ಸಿಕ್ಕರೆ ಸಾಕು. ನಮ್ಮ ಬೀದಿಯಲ್ಲಿ ಎಲ್ಲರ ಮನೆಮಾತೂ ಕನ್ನಡವೇ. ಜಗಳ, ಜೋಗುಳ, ಶಾಪ ಎಲ್ಲವೂ ಅದರಲ್ಲೇ ನಡೆಯುತ್ತವೆ. ಆದರೆ ಕನ್ನಡ ಅಕ್ಷರ ಓದಬಲ್ಲವನು ಸದ್ಯಕ್ಕೆ ನಾನೊಬ್ಬನೇ. ತಮಿಳುನಾಡಿನ ಮೆಟ್ಟುಪಾಳ್ಯಂನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಈ ನೇಕಾರರ ಊರಿಗೆ ನಮ್ಮ ಹಿರಿಯರು ಯಾವಾಗಲೋ ವಲಸೆ ಬಂದಾಗ ಮಗ್ಗವನ್ನೂ ಮಾತನ್ನೂ ಹೊತ್ತು ತಂದರು; ಅಕ್ಷರ ಭಾರವಾಯಿತೆಂದು ದಾರಿಯಲ್ಲೆಲ್ಲೋ ಇಳಿಸಿಬಿಟ್ಟರು. ನಾನು ಮೈಸೂರಿನಲ್ಲಿ ಇತಿಹಾಸದ ಎಂ.ಎ. ಓದುವಾಗ ಅದನ್ನು ಕಲಿತು ಬಂದೆ. ಅದರಿಂದ ಊರಿಗೆ ಯಾವ ಪ್ರಯೋಜನವೂ ಆಗಲಿಲ್ಲ. ಈಗ ನನಗೆ ಆಗುತ್ತಿದೆ. ಇಲ್ಲಿ ಬರೆಯುವುದನ್ನು ನನ್ನ ಬೀದಿಯವರು ಯಾರೂ ಓದಲಾರರು ಎಂಬ ಭರವಸೆಯಿಂದ, ನನ್ನ ಹೆಂಡತಿಗೂ ಹೇಳದ ವಿಷಯವನ್ನು ನಿಮಗೆ ಹೇಳುತ್ತಿದ್ದೇನೆ.

ಕಾಲೇಜಿನ ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ನನಗೆ ನಮ್ಮ ಬೀದಿಯ ದೇವತೆ ಅಮ್ಮನ ಗುಡಿಯ ಪತ್ರಿಕೆ ಗಂಟುಬಿತ್ತು. ಪತ್ರಿಕೆ ಎಂದರೆ ತಿಂಗಳಿಗೊಮ್ಮೆ ತಮಿಳಿನಲ್ಲಿ ಅಚ್ಚಾಗುವ ನಾಲ್ಕು ಪುಟ. ಯಾವ ವಾರ ದೀಪದ ಎಣ್ಣೆ ಯಾರ ಮನೆಯದು, ಯಾರ ಮಗಳಿಗೆ ನಿಶ್ಚಯವಾಯಿತು, ಗುಡಿಯ ಮುಂದೆ ಬಿಟ್ಟ ಚಪ್ಪಲಿ ಬದಲಾಯಿಸಿಕೊಂಡು ಹೋದ ಭಕ್ತರು ದಯವಿಟ್ಟು ತಂದಿಡತಕ್ಕದ್ದು, ಇಂಥ ಸುದ್ದಿಗಳು. ನನಗೆ ದೇವರಲ್ಲಿ ನಂಬಿಕೆಯಿಲ್ಲ. ಇದನ್ನು ಸಮಿತಿಯ ಸಭೆಯಲ್ಲಿ ಎದ್ದು ನಿಂತು ಹೇಳಿದೆ ಕೂಡ. ಗುಡಿಯ ಆಡಳಿತ ನೋಡಿಕೊಳ್ಳುವ ಧರ್ಮಕರ್ತರು ಒಂದಿಷ್ಟೂ ವಿಚಲಿತರಾಗಲಿಲ್ಲ. "ಅದಕ್ಕೇ ನೀವೇ ಬೇಕು ವಾತಿಯಾರೇ. ಭಕ್ತಿ ಇರೋರ ಕೈಲಿ ಕೊಟ್ಟರೆ ಅವರವರ ಮಾವಂದಿರ ಹೆಸರು ಮೊದಲು ಹಾಕ್ತಾರೆ. ನಿಮಗೆ ಅಮ್ಮನೇ ಇಲ್ಲ, ಇನ್ನು ಮಾವ ಯಾವ ಲೆಕ್ಕ?" ಎಂದರು. ವಾತಿಯಾರು ಎಂದರೆ ಮೇಷ್ಟರು. ನನ್ನ ನಾಸ್ತಿಕತೆ ಜೀವನದಲ್ಲಿ ಒಂದು ಹುದ್ದೆಗೆ ಅರ್ಹತೆಯಾದದ್ದು ಅದೇ ಮೊದಲು.

ಪತ್ರಿಕೆಯಲ್ಲಿ ಜನ ಮೊದಲು ನೋಡುವುದು ಕೊನೆಯ ಪುಟವನ್ನು. ಅದು ತೀರಿಕೊಂಡವರ ಪುಟ. ಇತ್ತೀಚೆಗೆ ಆ ಪುಟಕ್ಕೆ ಜಾಗ ಸಾಲುವುದಿಲ್ಲ. ಮದುವೆಯ ಪುಟದಲ್ಲಿ ಉಳಿಯುತ್ತದೆ. ಹಳೆಯ ಸಂಚಿಕೆಗಳನ್ನು ತಿರುವಿ ನೋಡಿದರೆ ನಮ್ಮ ಬೀದಿಯಲ್ಲಿ ಸತ್ತವರೆಲ್ಲರೂ ಸದ್ಗುಣಿಗಳು, ಮಿತಭಾಷಿಗಳು, ದೈವಭಕ್ತರು. ಇಷ್ಟೊಂದು ಒಳ್ಳೆಯವರು ಒಂದೇ ಬೀದಿಯಲ್ಲಿದ್ದೂ ದಿನಾ ನೀರಿನ ನಲ್ಲಿಯ ಹತ್ತಿರ ಅಷ್ಟು ಗಲಾಟೆ ಹೇಗಾಗುತ್ತಿತ್ತು ಎಂಬುದು ಇತಿಹಾಸಕಾರನನ್ನು ಕಾಡಬೇಕಾದ ಪ್ರಶ್ನೆ. ನಾನು ಸಂಪಾದಕನಾದ ಮೇಲೆ ಒಂದು ನಿಯಮ ಮಾಡಿಕೊಂಡೆ. ವಿಶೇಷಣ ಬೇಡ, ಸತ್ತವರು ನಿಜವಾಗಿ ಮಾಡಿದ ಒಂದು ಕೆಲಸವನ್ನು ಬರೆಯಬೇಕು. ಒಂದೇ ಒಂದು ಸಂಗತಿ, ಆದರೆ ನಡೆದದ್ದು.

ಇಂಥ ನಿಯಮ ಮಾಡುವವನಿಗೆ ನೆನಪು ನೆಟ್ಟಗಿರಬೇಕು. ನನ್ನದು ಹಾಗಿಲ್ಲ. ನಮ್ಮ ಮದುವೆಯ ದಿನ ಅಡಿಗೆಯವರು ಕೋಪಿಸಿಕೊಂಡು ಹೋಗಿ, ನೆಂಟರೇ ಸೌಟು ಹಿಡಿದ ಕಥೆಯನ್ನು ನಾನು ಬಹಳ ವರ್ಷ ಸೊಗಸಾಗಿ ಹೇಳುತ್ತಿದ್ದೆ. ಹೋದ ವರ್ಷ ಹೆಂಡತಿ, "ಅದು ನನ್ನ ತಂಗಿ ಮದುವೆ. ನೀವು ಅದಕ್ಕೆ ಬಂದೇ ಇರಲಿಲ್ಲ" ಎಂದಳು. ಅಲ್ಲಿಂದೀಚೆಗೆ ನಾನು ನನ್ನ ಮದುವೆಗಾದರೂ ಹೋಗಿದ್ದೆನೆ ಎಂದು ಒಮ್ಮೊಮ್ಮೆ ಆಲ್ಬಮ್ ತೆಗೆದು ನೋಡುತ್ತೇನೆ.

ಆರು ತಿಂಗಳ ಹಿಂದೆ ನಮ್ಮ ಬೀದಿಯ ನಂಜಪ್ಪ ತೀರಿಕೊಂಡರು. ಅವರ ಬಗ್ಗೆ ಒಂದು ಒಳ್ಳೆಯ ಸಂಗತಿ ಹುಡುಕುವುದು ಸುಲಭವಿರಲಿಲ್ಲ. ಮಗ್ಗಕ್ಕಿಂತ ಹೆಂಡದಂಗಡಿಯ ಮುಂದೆ ಕೂತದ್ದೇ ಹೆಚ್ಚು. ಮನೆಯ ಮಗ್ಗವನ್ನು ಕೊನೆಯವರೆಗೂ ತುಳಿದವರು ಅವರ ಹೆಂಡತಿ ಸರಸಕ್ಕ. ಎರಡು ದಿನ ಯೋಚಿಸಿದ ಮೇಲೆ ನನಗೆ ಥಟ್ಟನೆ ಒಂದು ಬೆಳಗು ನೆನಪಾಯಿತು. ಆಗ ನನಗೆ ಒಂಬತ್ತೋ ಹತ್ತೋ ವರ್ಷ. ನಮ್ಮಪ್ಪ ಬೀದಿಯುದ್ದಕ್ಕೂ ಪಾವು ಹಾಸಿದ್ದರು. ಪಾವು ಎಂದರೆ ಸೀರೆಯ ಉದ್ದದ ಎಳೆಗಳು. ಅವನ್ನು ಬಿದಿರುಗಳ ಮೇಲೆ ಎಳೆದು ಕಟ್ಟಿ, ಗಂಜಿ ಹಚ್ಚಿ, ಬಿಸಿಲೇರುವ ಮುಂಚೆ ಬ್ರಷ್ಷಿನಿಂದ ತೀಡಿ ಒಣಗಿಸಬೇಕು. ಒಬ್ಬರಿಂದ ಆಗದು, ಅಕ್ಕಪಕ್ಕದವರೆಲ್ಲ ಕೈಹಾಕಬೇಕು. ಅವತ್ತು ಗಂಜಿ ಹಸಿಯಿರುವಾಗಲೇ ಮಳೆ ಬಂತು. ನೆನೆದರೆ ಎಳೆಗೆ ಎಳೆ ಅಂಟಿಕೊಂಡು ಎಲ್ಲ ಮುದ್ದೆ. ಆಗ ತಲೆಗೆ ಟವಲು ಸುತ್ತಿದ ಒಬ್ಬರು ತಮ್ಮ ಜಗಲಿಯಲ್ಲಿ ನೂಲಿನ ಕಟ್ಟುಗಳಿಗೆ ಮುಚ್ಚಿದ್ದ ಟಾರ್ಪಾಲನ್ನು ಕಿತ್ತು ತಂದು ನಮ್ಮ ಪಾವಿನ ಮೇಲೆ ಎಳೆದರು. ಅವರ ನೂಲು ನೆನೆಯಿತು, ನಮ್ಮ ಪಾವು ಉಳಿಯಿತು. ಅದು ಹಾಳಾಗಿದ್ದರೆ ನನ್ನನ್ನು ಶಾಲೆ ಬಿಡಿಸಿ ಮಗ್ಗಕ್ಕೆ ಕೂರಿಸುವುದೆಂದು ಅಪ್ಪ ಆಗಲೇ ತೀರ್ಮಾನಿಸಿದ್ದರಂತೆ. ಒಟ್ಟಿನಲ್ಲಿ ನನ್ನ ಎಂ.ಎ., ನನ್ನ ಸಂಶಯವಾದ, ಈ ಪತ್ರಿಕೆ ಎಲ್ಲ ಆ ಟಾರ್ಪಾಲಿನ ಕೃಪೆ. ಆ ಟವಲಿನ ಕೆಳಗಿದ್ದ ಮುಖ ನಂಜಪ್ಪನವರದು ಎಂದು ನನಗೆ ಸ್ಪಷ್ಟವಾಗಿ ಕಂಡಿತು. ಬರೆದೆ. ಚೆನ್ನಾಗಿಯೇ ಬರೆದೆ. ಧರ್ಮಕರ್ತರು ಕಣ್ಣೊರೆಸಿಕೊಂಡರು.

ಪತ್ರಿಕೆ ಹಂಚಿದ ಮೂರನೆಯ ದಿನ ಬೆಳಿಗ್ಗೆ ರಾಮಸಾಮಿ ಮಾವ ನಮ್ಮ ಜಗಲಿಗೆ ಬಂದು ಕೂತರು. ಎಂಬತ್ತು ದಾಟಿದ ಒಂಟಿ ಮನುಷ್ಯ. ನಂಜಪ್ಪನವರ ಪಕ್ಕದ ಮನೆ. ಬಿಗಿಮುಷ್ಟಿಯವರು, ಬಾಯಿ ಬೇರೆ ಜೋರು. ಅವರ ಅಂಗಳಕ್ಕೆ ಬಿದ್ದ ಚೆಂಡು ವಾಪಸು ಬಂದದ್ದನ್ನು ಮೂರು ತಲೆಮಾರಿನ ಮಕ್ಕಳು ನೋಡಿಲ್ಲ. ಓದು ಬಾರದ ಅವರಿಗೆ ಟೀ ಅಂಗಡಿಯಲ್ಲಿ ಯಾರೋ ಕೊನೆಯ ಪುಟ ಓದಿ ಹೇಳಿದ್ದರು.

"ಏನು ವಾತಿಯಾರೇ, ನಾನು ಯಾವಾಗ ಸತ್ತೆ?" ಎಂದರು.

"ಏನು ಮಾತು ಮಾವ, ತೀರಿಕೊಂಡದ್ದು ನಂಜಪ್ಪ."

"ಆಮಾ, ಸತ್ತದ್ದು ಅವನು. ಟಾರ್ಪಾಲು ನಂದು. ನೆಂದ ನೂಲು ನಂದು. ಅದನ್ನ ಅವನ ಸಾವಿಗೆ ಯಾಕೆ ಹಾಕ್ದೆ ಕಣ್ಣು?"

ಕಣ್ಣು ಎಂಬುದು ನಮ್ಮ ಕಡೆ ಕಿರಿಯರನ್ನು ಮುದ್ದಿನಿಂದ ಕರೆಯುವ ಮಾತು. ಅವರ ಬಾಯಲ್ಲಿ ಅದನ್ನು ನಾನು ಕೇಳಿದ್ದು ಕಡಿಮೆ. ಬೈದಿದ್ದರೆ ಸುಲಭವಾಗುತ್ತಿತ್ತು.

"ಹಾಗಾದರೆ ಐವತ್ತು ವರ್ಷ ಒಂದು ಸಲವೂ ಹೇಳಲಿಲ್ಲವಲ್ಲ ಮಾವ?"

"ಯಾರು ಕೇಳಿದ್ರು? ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ. ನೀನೇ ತಾನೆ ಬಾಗಿಲ ಹತ್ರ ನಿಂತು ಅಳ್ತಾ ಇದ್ದದ್ದು?" ಆಮೇಲೆ, "ಶರಿ. ನಾಳೆ ನಾನು ಸತ್ತರೆ ಏನು ಬರೀತೀಯ, ಸೊಲ್ಲು" ಎಂದರು.

ನಾನು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸತೊಡಗಿದೆ.

"ನೋಡ್ದಿಯಾ, ಯೋಚನೆ ಮಾಡ್ತಾ ಇದೀಯ. ನಂದು ಅಂತ ಇದ್ದದ್ದು ಅದೊಂದೇ" ಎಂದು ಕೋಲೂರಿಕೊಂಡು ಎದ್ದು ಹೋದರು.

ಇತಿಹಾಸಕಾರನಿಗೆ ಸಂಶಯ ಬಂದರೆ ಆಧಾರ ಹುಡುಕಬೇಕು; ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ಹೇಳಿದ್ದು ಅದನ್ನೇ. ಮೊದಲು ಬೀದಿಯ ಹಳೆಯ ಪೋಸ್ಟ್‌ಮ್ಯಾನ್ ಒಬ್ಬರನ್ನು ಕೇಳಿದೆ. "ನಂಜಪ್ಪನೇ. ಡೌಟೇ ಬೇಡ" ಎಂದರು. ಕಣ್ಣಾರೆ ನೋಡಿದ್ದಿರಾ ಎಂದೆ. "ಕಣ್ಣಾರೆ ಓದಿದೆ! ನಮ್ಮ ಪತ್ರಿಕೇಲೇ ಬಂದಿದೆ, ನೀವು ನೋಡಲಿಲ್ವಾ?" ಎಂದರು. ನನ್ನ ತಪ್ಪಿಗೆ ನಾನೇ ಮೂಲ ಆಕರವಾಗಿದ್ದೆ. ಆಮೇಲೆ ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಗೆ ಹೋಗುವ ಮಗನ ಜೊತೆ ಇರುವ ನನ್ನ ಸೋದರತ್ತೆಗೆ ಫೋನ್ ಮಾಡಿದೆ. ತೊಂಬತ್ತರ ಹತ್ತಿರದ ಆಕೆ, "ಅವತ್ತು ಮಳೆಯೇ ಬರಲಿಲ್ಲ" ಎಂದರು. ನಂಜಪ್ಪ ಟಾರ್ಪಾಲು ತಂದದ್ದು ನೆನಪಿದೆಯೇ ಎಂದು ಕೇಳಿದರೆ ಅತ್ತೆ ನಕ್ಕರು. "ನಂಜಪ್ಪನ ಮನೇಲಿ ಟಾರ್ಪಾಲಾ? ಅವರಿಗೆ ನೆಟ್ಟಗೆ ಸೂರೇ ಇರಲಿಲ್ಲ! ಬೀದೀಲಿ ಟಾರ್ಪಾಲು ಇದ್ದದ್ದು ರಾಮಸಾಮಿ ಹತ್ರ ಮಾತ್ರ. ಮುಟ್ಟೋಕೂ ಬಿಡ್ತಿರಲಿಲ್ಲ, ಮಹಾರಾಯ. ನಿಮ್ಮಪ್ಪನಿಗೆ ಅಂತ ಒಂದು ಸಲ ಕೊಟ್ಟ." ಮಳೆ ಬರದಿದ್ದರೆ ಯಾಕೆ ಕೊಟ್ಟರು ಅತ್ತೆ ಎಂದೆ. "ಅದು ನಂಗೇನು ಗೊತ್ತು? ಓದಿದೋನು ನೀನು" ಎಂದು ಫೋನಿಟ್ಟರು.

ಇಷ್ಟು ಸಾಕಿತ್ತು. ಒಂದು ತಿದ್ದುಪಡಿ ಬರೆದೆ. "ಕಳೆದ ಸಂಚಿಕೆಯಲ್ಲಿ ನಂಜಪ್ಪನವರದೆಂದು ತಿಳಿಸಿದ ಉಪಕಾರವು ಶ್ರೀ ರಾಮಸಾಮಿಯವರದೆಂದು ಓದಿಕೊಳ್ಳಬೇಕಾಗಿ ವಿನಂತಿ." ಉಪಕಾರವನ್ನು ರೇಷನ್ ಕಾರ್ಡಿನಂತೆ ಹೆಸರು ಬದಲಾಯಿಸಿಕೊಡುವ ಈ ವಾಕ್ಯ ನನಗೇ ಅಸಹ್ಯವಾಯಿತು. ಆದರೂ ಅಚ್ಚಿಗೆ ಕೊಡುವ ಮುಂಚೆ ಸರಸಕ್ಕನಿಗೆ ಒಂದು ಮಾತು ಹೇಳುವುದು ಮರ್ಯಾದೆ ಎಂದು ಅದನ್ನು ಜೇಬಿನಲ್ಲಿಟ್ಟುಕೊಂಡು ಅವರ ಮನೆಗೆ ಹೋದೆ.

ಗೋಡೆಯ ಮೇಲೆ ನಂಜಪ್ಪನವರ ಫೋಟೋ. ಅದರ ಪಕ್ಕದಲ್ಲಿ, ಪ್ಲಾಸ್ಟಿಕ್ ಹಾಕಿಸಿದ ನನ್ನ ಶ್ರದ್ಧಾಂಜಲಿ. ಹೂವು ಎರಡಕ್ಕೂ ಇತ್ತು.

"ಪ್ರತಿ ಶುಕ್ರವಾರ ಮೊಮ್ಮಗಳ ಕೈಲಿ ಓದಿಸ್ತೀನಿ ತಮ್ಮ" ಎಂದರು ಸರಸಕ್ಕ, ಕಾಫಿ ಆರಿಸುತ್ತಾ. "ನಲವತ್ತೆಂಟು ವರ್ಷ ಸಂಸಾರ ಮಾಡ್ದೆ. ಕುಡಿದು ಬಂದದ್ದು ನೆನಪಿದೆ, ಬೈದದ್ದು ನೆನಪಿದೆ. ಕಾರ್ಯ ಮುಗಿದ ಮೇಲೆ ಕೂತ್ಕೊಂಡು ಒಂದು ಒಳ್ಳೇದು ನೆನೆಯೋಣ ಅಂದ್ರೆ ಒಂದೂ ಬರಲಿಲ್ಲ. ಅಳೋಕೂ ಏನಾದ್ರೂ ಬೇಕಲ್ಲ? ನಾನು ಈ ಬೀದಿಗೆ ಬರೋ ಮುಂಚೆ ಮಳೇಲಿ ಹಂಗೆ ಓಡಿದ್ರು ಅಂತ ಒಂದು ದಿನ ಆ ಮನುಷ್ಯ ಬಾಯಿ ಬಿಡಲಿಲ್ಲ ನೋಡು. ನೀನು ಬರೆದ ಮೇಲೇ ನಾನು ಅತ್ತದ್ದು."

ಕಾಫಿ ಕುಡಿದೆ. ಚೆನ್ನಾಗಿದೆ ಅಕ್ಕ ಎಂದೆ. ಜೇಬಿನಲ್ಲಿದ್ದದ್ದನ್ನು ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ಬಂದೆ. ಸತ್ಯ ಮುಖ್ಯ ಎಂದು ವೇದಿಕೆಯ ಮೇಲೆ ನಿಂತು ಹೇಳುವವರು ಸಾಮಾನ್ಯವಾಗಿ ಕಾಫಿಗೆ ಕರೆಸಿಕೊಂಡವರಲ್ಲ.

ನಾಲ್ಕು ದಿನ ರಾಮಸಾಮಿ ಮಾವನ ಮನೆಯ ಮುಂದೆ ಹಾಯುವುದನ್ನು ತಪ್ಪಿಸಿ, ಬಸ್ ಸ್ಟಾಪಿಗೆ ಸುತ್ತುದಾರಿಯಲ್ಲಿ ಹೋದೆ. ಐದನೆಯ ದಿನ ಅವರೇ ಗುಡಿಯ ಮುಂದೆ ಹಿಡಿದು ನಿಲ್ಲಿಸಿದರು. ತಿದ್ದುಪಡಿ ಬರೆದಿದ್ದೇನೆ ಮಾವ, ಮುಂದಿನ ಸಂಚಿಕೆಯಲ್ಲಿ ಖಂಡಿತ ಎಂದು ತೊದಲಿದೆ.

"ಹಾಕಬೇಡ" ಎಂದರು. "ನಿನ್ನ ಕೈಲಿ ಆಗಲ್ಲ ಅಂತ ನಾನೇ ಸರಸನ ಹತ್ರ ಹೇಳೋಕೆ ಹೋಗಿದ್ದೆ. ಆ ಯಮ್ಮ ಫೋಟೋ ಮುಂದೆ ಕೂರಿಸ್ತು. ಆ ಹುಡುಗಿ ಕೈಲಿ ಪೂರಾ ಓದಿಸ್ತು. 'ಅಣ್ಣ, ನೀವು ಪಕ್ಕದ ಮನೆ ತಾನೆ, ನೀವೂ ನೋಡಿರ್ಬೇಕಲ್ಲ?' ಅಂತ ಕೇಳ್ತು."

"ನೀವು ಏನಂದಿರಿ?"

"ನೋಡ್ದೆ ಅಂದೆ." ಕೋಲಿನಿಂದ ನೆಲದ ಮೇಲಿನ ಒಣಗಿದ ಹೂವನ್ನು ಪಕ್ಕಕ್ಕೆ ತಳ್ಳಿದರು. "ಅವನು ಓಡಿದ, ನಾನು ಜಗಲೀಲಿ ನಿಂತು ಸುಮ್ಮನೆ ನೋಡ್ತಾ ಇದ್ದೆ ಅಂದೆ. ಹಂಗೆ ಸೇರಿಸಿ ಹೇಳಿದ್ರೆ ತಾನೆ ನಂಬಿಕೆ ಬರೋದು? ಇನ್ನು ನೀನು ಅದೂ ಇದೂ ಹಾಕಿ ನನ್ನ ಸುಳ್ಳುಗಾರನ್ನ ಮಾಡಬೇಡ."

ಮಳೆ ಬರುವ ಹಾಗಿದೆ ಎಂದೆ. ಆಕಾಶ ಸ್ವಚ್ಛವಾಗಿತ್ತು. ಅವರು ಮೇಲೆ ನೋಡಿ, ನನ್ನನ್ನು ನೋಡಿ, "ಓದಿದ ಮುಂಡೇದೇ" ಎಂದು ಹೋದರು.

ಹೋದ ತಿಂಗಳು ರಾಮಸಾಮಿ ಮಾವನೂ ತೀರಿಕೊಂಡರು. ನಾನು ಕೊನೆಯ ಪುಟಕ್ಕೆ ಕೂತೆ. ನನ್ನ ನಿಯಮದ ಪ್ರಕಾರ ಒಬ್ಬರ ಬಗ್ಗೆ ಒಂದು ನಿಜ ಸಂಗತಿ ಬೇಕು. ಇವರದು ಎರಡಿದ್ದವು. ಎರಡನ್ನೂ ಬರೆಯುವಂತಿರಲಿಲ್ಲ. ಒಂದನ್ನು ಆಗಲೇ ಬೇರೆಯವರಿಗೆ ಕೊಟ್ಟಾಗಿತ್ತು. ಇನ್ನೊಂದು ಅದನ್ನು ಅವರೇ ಬಿಟ್ಟುಕೊಟ್ಟದ್ದು, ಬರೆದರೆ ಅದು ನಡೆದೇ ಇಲ್ಲದಂತಾಗುತ್ತಿತ್ತು. ಕೊನೆಗೆ ಅವರ ಹೆಸರು, ತಂದೆಯ ಹೆಸರು, ಅರವತ್ತು ವರ್ಷ ನೇಯ್ದರು, ಅವರ ಸೀರೆಯ ಅಂಚು ಎಲ್ಲೂ ಸೊಟ್ಟಗಾಗುತ್ತಿರಲಿಲ್ಲ ಎಂದು ಮೂರು ಸಾಲು ಬರೆದು ಮುಗಿಸಿದೆ. ಬೀದಿಯಲ್ಲಿ ಯಾರೂ ಆಕ್ಷೇಪಿಸಲಿಲ್ಲ. ಇಷ್ಟು ಸಿಕ್ಕಿದ್ದೇ ಹೆಚ್ಚು ಎಂದು ಒಬ್ಬಿಬ್ಬರು ಹೇಳಿದರಂತೆ.

ಆಕ್ಷೇಪಿಸಿದವರು ಸರಸಕ್ಕ ಮಾತ್ರ. ಪತ್ರಿಕೆ ಹಿಡಿದು ನೇರ ನಮ್ಮ ಜಗಲಿಗೇ ಬಂದರು.

"ಏನು ತಮ್ಮ ಇದು? ಚಪ್ಪಲಿ ಕಳೆದದ್ದಕ್ಕೆ ಇದಕ್ಕಿಂತ ಜಾಸ್ತಿ ಬರೀತೀಯ. ಒಂದಾದ್ರೂ ಒಳ್ಳೇದು ನೆನಪಾಗಲಿಲ್ವಾ?"

"ಇಲ್ಲ ಅಕ್ಕ."

"ಪಾಪ, ಅವತ್ತು ಮಳೇಲಿ ನಾನು ಕೈಹಾಕಲಿಲ್ಲ, ನಿಂತು ನೋಡ್ತಾ ಇದ್ದೆ ಅಂತ ನನ್ನ ಹತ್ರ ತಾನಾಗೇ ಒಪ್ಕೊಂಡ್ರು. ತಪ್ಪು ಒಪ್ಕೊಳ್ಳೋಕೆ ಎಷ್ಟು ಜನಕ್ಕೆ ಮನಸ್ಸು ಬರುತ್ತೆ? ಅದನ್ನಾದ್ರೂ ಬರೀಬಹುದಿತ್ತು. ನಿಂಗೆ ನೆನಪು ತುಂಬಾ ಕಮ್ಮಿ ಆಗಿದೆ ತಮ್ಮ."

ಒಳಗಿಂದ ಹೆಂಡತಿ, "ಸರಿಯಾಗಿ ಹೇಳಿದ್ರಿ ಅಕ್ಕ" ಎಂದಳು. ಮಾರನೆಯ ದಿನ ಸರಸಕ್ಕ ತಮ್ಮ ಹಿತ್ತಲಿನಿಂದ ಒಂದು ಕಟ್ಟು ಒಂದೆಲಗದ ಸೊಪ್ಪು ತಂದುಕೊಟ್ಟು, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತಿಂದರೆ ಮರೆವು ಹೋಗುತ್ತದೆಂದು ಹೇಳಿ ಹೋದರು. ಈಗ ವಾರಕ್ಕೊಂದು ಕಟ್ಟು ತಪ್ಪದೆ ಬರುತ್ತಿದೆ. ತಿನ್ನುತ್ತಿದ್ದೇನೆ, ವಿಪರೀತ ಕಹಿ. ಬೀದಿಯಲ್ಲಿ ಕಂಡಾಗಲೆಲ್ಲ ಅವರು ನಿಲ್ಲಿಸಿ, "ರಾಮಸಾಮಿ ಅಣ್ಣಂದು ಏನಾದ್ರೂ ನೆನಪಾಯ್ತಾ ತಮ್ಮ?" ಎಂದು ಕೇಳುತ್ತಾರೆ.

"ಇನ್ನೂ ಇಲ್ಲ ಅಕ್ಕ" ಎನ್ನುತ್ತೇನೆ.