ಕರುಣೆ ಪರೀಕ್ಷೇಲಿ ಫೇಲ್

ನಂಬಕ್ಕೇ ಆಗಲ್ಲ ಕಣ್ರೀ, ಈಗ ತಾನೇ ಕರುಣೆ ಪರೀಕ್ಷೇಲಿ ಫೇಲಾಗಿ ಬಂದೆ! ಹೂಂ, ಡಾಕ್ಟ್ರುಗಳಿಗೆ ಈಗ ಕರುಣೆಗೂ ಪರೀಕ್ಷೆ. ಅರಸೀಕೆರೇಲಿ ಇಂಟರ್ನ್‌ಶಿಪ್ ಮಾಡ್ತಿದೀನಲ್ಲ, ಮೇಡಂ ಒಬ್ರು ಬಂದು ತಿಂಗಳಿಡೀ ಪಾಠ ಮಾಡಿದ್ರು. ಫೇಲಾದ್ರೆ ಮತ್ತೆ ಮೊದಲಿಂದ ಒಂದು ತಿಂಗಳು! ನಾನು ಕಮ್ಮಿ ಒದ್ದಾಡಿದೀನಾ? ಹೇಳ್ಕೊಟ್ಟಿದ್ದನ್ನ ಮಾಡಿದಷ್ಟೂ ಎಡವಟ್ಟೇ ಆಗುತ್ತೆ ನಂಗೆ.

ಮಂಡಿ ನೋವು

ಪೇಷಂಟ್ ಮಾತಾಡ್ವಾಗ ಮಧ್ಯೆ ಬಾಯಿ ಹಾಕ್ಬಾರ್ದು, ಇದು ಮೇಡಂ ಮೊದಲ್ನೇ ಪಾಠ. ಹಳೇಬೀಡು ಕ್ಯಾಂಪಲ್ಲಿ ಅಜ್ಜಿ ಒಬ್ರು "ಮಂಡಿ ನೋವು ಕಣಪ್ಪ" ಅಂತ ಕೂತ್ರು. "ಹೇಳಿ ಅಜ್ಜಿ" ಅಂದೆ, ಅಷ್ಟೇ! ಸೊಸೆ, ಸೊಸೆ ತಂಗಿ, ಒದೆಯೋ ಹಸು, ಎಲ್ಲಾ ಬಂತು. ಮುಕ್ಕಾಲು ಗಂಟೆ ತಲೆ ಆಡಿಸ್ದೆ. ಆಮೇಲೆ ಎದ್ದು, "ಹಗುರಾಯ್ತು ಮಗ, ಬತ್ತೀನಿ" ಅಂದ್ರು.

"ಅಜ್ಜಿ, ಮಂಡಿ?"

"ಅದು ನಮ್ ಯಜಮಾನ್ರದ್ದು. ಆಗ್ಲಿಂದ ಹೊರಗೆ ನಿಂತವ್ರೆ."

ಎದೆ ಉರಿ

ಬೇಲೂರು ಕ್ಯಾಂಪಲ್ಲಿ ಗೆಂಡೆಹಳ್ಳಿಯವರೊಬ್ರು ಎದೆ ಉರಿ ಅಂತ ಬಂದ್ರು. ಮೇಡಂ ಹೇಳ್ಕೊಟ್ಟ ಹಾಗೇ ಪಕ್ಕದಲ್ಲೇ ಕೂತು, ಭುಜ ಸವರಿ, ಮೆತ್ತಗೆ "ಮನೇಲಿ ಯಾರ್ಯಾರಿದೀರ?" ಅಂದೆ. ಮುಖ ಬಿಳಿಚ್ಕೊಂಡ್ರು, ಹೊರಗೆ ಹೋಗಿ ಫೋನ್ ಮಾಡಿದ್ರು. ಸ್ವಲ್ಪ ಹೊತ್ತಿಗೆ ಗೂಡ್ಸ್ ಆಟೋ ತುಂಬ ನೆಂಟರು, ಅಳ್ತಾ ಇಳಿದ್ರು!

"ಅಯ್ಯೋ, ಬರೀ ಗ್ಯಾಸ್ಟ್ರಿಕ್ ಕಣ್ರೀ!"

ಅವರಣ್ಣ ಕಣ್ಣೊರೆಸ್ಕೊಂಡು, "ಮತ್ತೆ ಎಲ್ಲಾ ಡಾಕ್ಟ್ರ ಥರ ಬೈದು ಹೇಳ್ಬಾರ್ದಾಗಿತ್ತಾ ಸಾರ್?" ಅಂದ್ರು.

ಕಾಲ್ಬೆರಳು

ಇನ್ನು ಇವತ್ತಿನ ಪರೀಕ್ಷೆ. ಪೇಷಂಟ್ ಥರ ನಟಿಸಕ್ಕೆ ಅಂತ ಹಗರೆಯಿಂದ ಒಬ್ರನ್ನ ಕರೆಸಿದ್ರು. ಊರ ನಾಟಕದಲ್ಲಿ ವರ್ಷವರ್ಷ ರಾಜನ ಪಾರ್ಟು ಇವರದ್ದೇ. ನಂಗೆ ಮಾರ್ಕ್ಸ್ ಹಾಕೋದೂ ಇವರೇ! ಸಕ್ಕರೆ ಕಾಯಿಲೆ ಜಾಸ್ತಿಯಾಗಿದೆ, ಕಾಲ್ಬೆರಳು ತೆಗೀಬೇಕು ಅಂತ ನಾನು ಹೇಳ್ಬೇಕು. ಎರಡೂ ಕೈ ಹಿಡ್ಕೊಂಡು ನಿಧಾನಕ್ಕೆ ಹೇಳ್ದೆ.

ದಡಕ್ಕನೆ ಎದ್ರು. "ಅಕಟಕಟಾ, ವೈದ್ಯನೇ!" ಅಂತ ಶುರು ಮಾಡಿ ರಾಗ ತೆಗೆದು ಹಾಡೇಬಿಟ್ರು! ಚೀಟಿ ಹಿಡ್ಕೊಂಡು ಕ್ಯೂನಲ್ಲಿದ್ದ ಜನ ಎಲ್ಲಾ ಬಾಗಿಲಿಗೆ ಬಂದ್ರು. ಯಾರೋ "ಒನ್ಸ್ ಮೋರ್!" ಅಂದ್ರು. ಇನ್ನೊಂದ್ಸಲ ಹಾಡಿದ್ರು. ಚಪ್ಪಾಳೆನೋ ಚಪ್ಪಾಳೆ, ಮೇಡಂ ಕೂಡ! ನಾನೊಬ್ನೇ ಅವರ ಕೈ ಬಿಡ್ದೆ ಕಣ್ಣಲ್ಲಿ ಕಣ್ಣಿಟ್ಟು ನಿಂತಿದೀನಿ.

ಸೊನ್ನೆ ಹಾಕಿದ್ರು ಕಣ್ರೀ!

"ಯಾಕೆ ಸಾರ್?"

"ಅಷ್ಟು ಸಂಕಟದಲ್ಲಿ ಹಾಡಿದೀನಿ, ಒಂದು ಚಪ್ಪಾಳೆ ಇಲ್ಲ ನಿಮ್ದು. ನನ್ ಕೈನೂ ಹಿಡ್ಕಂಡ್ಬುಟ್ರಿ, ಆಕ್ಷನ್ ಮಾಡಕ್ಕೂ ಬಿಡ್ನಿಲ್ಲ. ಕರುಣೆ ಅನ್ನೋದೇ ಇಲ್ವಲ್ರೀ ನಿಮಗೆ!"

ಅಲ್ಲಾ, ಕಾಲ್ಬೆರಳು ತೆಗೀತೀವಿ ಅಂದವನೇ ಚಪ್ಪಾಳೆ ಹೊಡೀಬೇಕಾಗಿತ್ತಾ? ನೀವೇ ಹೇಳಿ, ನೀವಾಗಿದ್ರೆ ಏನ್ ಮಾಡ್ತಿದ್ರಿ?