ಅಮ್ಮನಿಗೆ ಕೊಳಾಯಿ ಹಾಕಿಕೊಟ್ಟ ಕಥೆ

ಕೊಳಾಯಿ ಕೆಲಸದವನಿಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಗಿರಾಕಿ ಹೆತ್ತ ತಾಯಿಯೇ ಆದರಂತೂ ಕೇಳೋದೇ ಬೇಡ.

ನಾವು ಉಡುಮಲೈಪೇಟೆಯ ನೇಯ್ಗೆಯವರ ಬೀದಿಯವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಎಂಬತ್ತರ ದಶಕದಲ್ಲಿ ನಾನು ಸ್ಪ್ಯಾನರು ಹಿಡಿದು ತಿರುಪ್ಪೂರಿನವರೆಗೂ ಬಸ್ಸಲ್ಲಿ ಓಡಾಡಿ ಕಂಡವರ ಮನೆಗೆಲ್ಲ ಕೊಳಾಯಿ ಹಾಕುತ್ತಿದ್ದೆ. ನನ್ನ ಮನೆಯಲ್ಲಿ ಮಾತ್ರ ಅಮ್ಮ ಬೀದಿ ಕೊಳಾಯಿಯಿಂದ ಕೊಡ ಹೊತ್ತು ತರುತ್ತಿದ್ದಳು. ಒಂದು ದಿನ ಸೊಂಟ ಹಿಡಿದುಕೊಂಡು ಏಳೋದಕ್ಕೇ ಆಗಲಿಲ್ಲ. ಇನ್ನು ಭಾರ ಎತ್ತಿದರೆ ಹಾಸಿಗೆಯೇ ಗತಿ ಅಂದರು ಡಾಕ್ಟರು. ನನಗೆ ನಾಚಿಕೆಯೂ ಆಯ್ತು, ಹೆದರಿಕೆಯೂ ಆಯ್ತು. ಆ ವಾರವೇ ಮನೆಗೆ ಪೈಪು ಎಳೆದೆ.

೧. ತೊಟ್ಟಿಕ್ಕುವ ಗಂಗಮ್ಮ

ಹೊಸ ಕೊಳಾಯಿಗೆ ಅಮ್ಮ ಅರಿಶಿನ ಕುಂಕುಮ ಇಟ್ಟು, ಕುತ್ತಿಗೆಗೆ ಮಲ್ಲಿಗೆ ಸುತ್ತಿದಳು. ಆದರೆ ಅದು ತೊಟ್ಟಿಕ್ಕೋದು ನಿಲ್ಲಲೇ ಇಲ್ಲ. ಊರಿನ ಸೋರಿಕೆಯೆಲ್ಲ ನಿಲ್ಲಿಸುವವನ ಮನೆಯಲ್ಲೇ ಹೀಗಾದರೆ ಮರ್ಯಾದೆ ಏನಾಗಬೇಕು? ಮೂರು ಸಲ ವಾಷರು ಬದಲಾಯಿಸಿದೆ.

ಕೊನೆಗೆ ಬಾಗಿಲ ಸಂದಿಯಿಂದ ನೋಡಿದೆ. ನಾನು ಗಟ್ಟಿಯಾಗಿ ತಿರುಗಿಸಿ ಬಂದ ಕೊಳಾಯಿಯನ್ನು ಅಮ್ಮ ಮೆಲ್ಲಗೆ ಸಡಿಲ ಮಾಡುತ್ತಿದ್ದಳು. ಕೇಳಿದರೆ, "ಗಂಗಮ್ಮನ ಕುತ್ತಿಗೆ ಹಿಚುಕೋದಕ್ಕೆ ಮನಸ್ಸು ಬರಲ್ಲ ಕಣ್ಣು," ಅಂದಳು. ತಮಿಳರ ಹಾಗೆ ನನ್ನನ್ನು ಮುದ್ದಿನಿಂದ ಕಣ್ಣು ಅಂತ ಕರೆಯೋದು ಅವಳ ರೂಢಿ.

ಅವಳನ್ನು ವಾದ ಮಾಡಿ ಗೆಲ್ಲೋದು ಆಗದ ಮಾತು. ರೈಲಿನಲ್ಲಿ ಇರುತ್ತಲ್ಲ, ಒತ್ತಿ ಹಿಡಿದರೆ ಮಾತ್ರ ನೀರು ಬಿಡುವ ಕೊಳಾಯಿ, ಅದನ್ನು ತಂದು ಕೂರಿಸಿದೆ. ಕೈ ಬಿಟ್ಟ ಕೂಡಲೇ ನೀರು ನಿಂತಿತು. ಈಗ ಗಂಗಮ್ಮ ತಾನೇ ಬಾಯಿ ಮುಚ್ಚಿಕೊಂಡಳು, ಪಾಪ ನನ್ನದಲ್ಲ ಅಂತ ಅಮ್ಮ ಕೈ ಮುಗಿದಳು.

೨. ಬಿಸಿಲು ಯಾರಪ್ಪನದು

ಬಚ್ಚಲೊಲೆ ಊದಿ ಊದಿ ಅಮ್ಮನಿಗೆ ಕೆಮ್ಮು. ಸೌದೆಯೂ ಉಳಿಯಲಿ ಅಂತ ಒಂದು ಡ್ರಮ್ಮಿಗೆ ಕಪ್ಪು ಬಣ್ಣ ಬಳಿದು ಮಾಳಿಗೆ ಮೇಲಿಟ್ಟು, ಖಾಲಿಯಾದಂತೆ ತಾನೇ ತುಂಬುವ ಹಾಗೆ ಮಾಡಿ, ಬಚ್ಚಲಿಗೆ ಪೈಪು ಇಳಿಸಿದೆ. ಮಧ್ಯಾಹ್ನಕ್ಕೆ ನೀರು ಕೈ ಇಡಲಾಗದಷ್ಟು ಕಾಯಿತು.

ಆದರೆ ಸಂಜೆ ಕೆಲಸದಿಂದ ಬಂದು ಸ್ನಾನಕ್ಕೆ ನಿಂತರೆ ತಣ್ಣೀರು. ಹತ್ತು ದಿನ ಇದೇ ಪಾಡು. ಮತ್ತೆ ಬಣ್ಣ ಬಳಿದೆ, ಶಾಖ ಆರದಿರಲಿ ಅಂತ ಡ್ರಮ್ಮಿನ ಬುಡಕ್ಕೆ ಗೋಣಿ ಸುತ್ತಿದೆ. ಆಮೇಲೆ ಹೆಂಡತಿ ಗುಟ್ಟು ಬಿಟ್ಟಳು. ನಾನು ಹೊರಟ ಮೇಲೆ ಎದುರುಮನೆ ಬಾಣಂತಿ, ಪಕ್ಕದ ಮನೆಯ ಮುದುಕರು, ಎಣ್ಣೆ ಹಚ್ಚಿಕೊಂಡ ಹೆಂಗಸರು, ಎಲ್ಲರಿಗೂ ಅಮ್ಮ ಬಕೆಟ್ಟು ಬಕೆಟ್ಟು ಹಂಚುತ್ತಿದ್ದಳಂತೆ. ಭಾರ ಎತ್ತಬಾರದಲ್ಲ, ಅವರವರೇ ಹಿಡಿದುಕೊಂಡು ಹೋಗುತ್ತಿದ್ದರು.

ನನಗೂ ಒಂದು ಬಕೆಟ್ಟು ಉಳಿಸಬಾರದಾ ಅಂದೆ.

"ಬಿಸಿಲೇನು ನೀನು ಕೊಂಡು ತಂದಿದ್ದಾ?" ಅಂದಳು ಅಮ್ಮ.

ಐದು ಮನೆಯ ಸೌದೆ ಉಳಿಯಿತು. ತಣ್ಣೀರು ಸ್ನಾನ ಮಾತ್ರ ನನ್ನ ಪಾಲಿಗೇ ಬಂತು.

೩. ಕೊಡ

ಒಂದು ಬೆಳಿಗ್ಗೆ ಸ್ಪ್ಯಾನರು ಮರೆತು ಅರ್ಧ ದಾರಿಯಿಂದ ವಾಪಸು ಬಂದೆ. ನೋಡಿದರೆ ಬೀದಿ ಕೊಳಾಯಿಯ ಹತ್ತಿರ ಅಮ್ಮ, ಸೊಂಟದ ಮೇಲೆ ಕೊಡ. ಇಷ್ಟೆಲ್ಲ ಮಾಡಿದ್ದು ಯಾರಿಗಾಗಿ ಅಂತ ಸಿಟ್ಟು ಬಂತು. ಓಡಿಹೋಗಿ, ತುಂಬಿದ ಕೊಡ ಅಂದುಕೊಂಡು ಎರಡೂ ಕೈಯಿಂದ ಬಲವಾಗಿ ಕಿತ್ತುಕೊಂಡೆ.

ಕೊಡ ಖಾಲಿ. ನಾನು ಹಿಂದಕ್ಕೆ ಹೋಗಿ ಕೆಸರಲ್ಲಿ ಕುಕ್ಕರಿಸಿದೆ.

ಕೂತಲ್ಲಿಂದಲೇ ನೋಡಿದೆ. ಸುತ್ತ ಏಳೆಂಟು ಹೆಂಗಸರು, ಎಲ್ಲರ ಮನೆಗೂ ಕೊಳಾಯಿ ಹಾಕಿದವನು ನಾನೇ. ಎಲ್ಲರ ಸೊಂಟದ ಮೇಲೂ ಕೊಡ, ಒಂದರಲ್ಲೂ ತೊಟ್ಟು ನೀರಿಲ್ಲ. ಬೀದಿ ಕೊಳಾಯಿಯನ್ನು ಯಾರೂ ತಿರುಗಿಸಿಯೇ ಇರಲಿಲ್ಲ.

"ಬರೀ ಕೈಲಿ ಬಂದು ಮಾತಾಡ್ತಾ ನಿಂತರೆ ಕೆಲಸ ಇಲ್ಲದವಳು ಅಂತಾರಲ್ಲ ಕಣ್ಣು," ಅಂದಳು ಅಮ್ಮ, ನನ್ನ ಅಂಗಿಯ ಕೆಸರು ಒರೆಸುತ್ತಾ.

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ನೀರು ಮನೆಗೆ ತಂದುಕೊಟ್ಟೆ, ಅವಳ ಗೆಳತಿಯರನ್ನು ತರೋದು ನನಗೆ ಹೊಳೆದೇ ಇರಲಿಲ್ಲ. ಎದ್ದು ನಿಂತು ಖಾಲಿ ಕೊಡ ವಾಪಸು ಕೊಟ್ಟೆ. ಅಮ್ಮ ಹೇಳಿದಳು:

"ಹೇಗೂ ಬಂದಿದೀಯ, ಇಲ್ಲೊಂದು ಕಲ್ಲು ಹಾಕಿಕೊಡು. ಕೂತು ಮಾತಾಡಿದರೆ ಸೊಂಟಕ್ಕೆ ಒಳ್ಳೇದು ಅಂದಿದಾರೆ ಡಾಕ್ಟರು."

ಡಾಕ್ಟರು ಹಾಗೆ ಅಂದದ್ದು ನಾನಂತೂ ಕೇಳಿಲ್ಲ. ಕಲ್ಲು ಮಾತ್ರ ಅವತ್ತೇ ಹಾಕಿದೆ, ಎಂಟು ಜನ ಕೂರುವಷ್ಟು ಉದ್ದದ್ದು.