ನಮ್ಮ ಕುದುರೆಯ ಕ್ಷೌರ

ಕುದುರೆ ಸಾಕಿದ ಮನೆಯಲ್ಲಿ ಮರ್ಯಾದೆ ಹೋಗುವ ಪ್ರಸಂಗಗಳಿಗೆ ಬರವಿಲ್ಲ. ಒಂದನ್ನು ಮರೆಯುವಷ್ಟರಲ್ಲಿ ಇನ್ನೊಂದು ಲಾಯದ ಬಾಗಿಲಲ್ಲಿ ನಿಂತಿರುತ್ತದೆ. ಇವು ಯುದ್ಧ ಮುಗಿದ ಹೊಸತರಲ್ಲಿ ಬಾಗಲೂರಿನ ನಮ್ಮ ಮನೆಯಲ್ಲಿ ನಡೆದವು.

ಹೊಸೂರಿನ ಕುದುರೆ ಪ್ರದರ್ಶನಕ್ಕೆ ಹತ್ತು ದಿನವಿತ್ತು. ಮೂರು ವರ್ಷದಿಂದ ಅಲ್ಲಿನ ಬಹುಮಾನದ ಬೆಳ್ಳಿ ಕಪ್ಪು ಡೆಂಕಣಿಕೋಟೆಯ ಜಮೀನ್ದಾರರ ಹೆಂಡತಿಯ ಪಾಲಾಗುತ್ತಿತ್ತು. ಈ ಸಲ ಅದು ನಮ್ಮ ಎರಡು ವರ್ಷದ ಹೆಣ್ಣುಮರಿಗೇ ಎಂದು ನಾನು ಆಕೆಯ ಮುಖಕ್ಕೇ ಹೇಳಿಬಿಟ್ಟಿದ್ದೆ. ಕಪ್ಪು ಇಡಲು ಹಜಾರದ ಗೋಡೆಯಲ್ಲಿ ಗೂಡನ್ನೂ ಕೊರೆಸಿದ್ದೆ. ಮರಿಯೋ, ಒಣಗಲು ಹಾಕಿದ ಸೀರೆ ಅಲ್ಲಾಡಿದರೂ ಬೆಚ್ಚುವಂಥದು. ಪ್ರದರ್ಶನಕ್ಕೆ ಅದರ ಮೈ ಉಜ್ಜಿ, ಕತ್ತಿನ ಜೂಲಿನ ತುದಿ ಸವರಿ ಒಪ್ಪ ಮಾಡಬೇಕು; ಹುಟ್ಟಿದಾಗಿನಿಂದ ಅದರ ಮೈಗೆ ಕತ್ತರಿಯೇ ತಾಕಿರಲಿಲ್ಲ.

ಮರ್ಯಾದೆಯ ಮಾತು

ಮೊದಲು ಮೈ ಉಜ್ಜುವ ಅಭ್ಯಾಸವಾಗಬೇಕಿತ್ತು. ನಮ್ಮ ಕಾಸದಾರ ಮೂವತ್ತು ವರ್ಷ ಕುದುರೆ ನೋಡಿಕೊಂಡವನು. ಬೈಗುಳವಿಲ್ಲದೆ ಒಂದು ಹಿಡಿ ಹುರುಳಿಯನ್ನೂ ಹಾಕಿದವನಲ್ಲ. "ಅಂಜುವ ಪ್ರಾಣಿಯ ಹತ್ತಿರ ಮೆಲ್ಲಗೆ, ಮರ್ಯಾದೆಯಿಂದ ಮಾತಾಡಬೇಕು" ಎಂದು ಕಟ್ಟಪ್ಪಣೆ ಮಾಡಿದೆ. ಅವನು ಬ್ರಷ್ಷು ಹಿಡಿದು ಕೈಮುಗಿದ. "ತಾಯಿ, ದಯಮಾಡಿ ವಸಿ ನಿಂತ್ಕೊಳ್ಳಿ" ಎಂದ. ಇಂಥ ಮಾತನ್ನು ಜನ್ಮದಲ್ಲಿ ಕೇಳದ ಮರಿ, ಏನೋ ಅನಾಹುತವಾಗಿದೆ ಎಂದುಕೊಂಡು ನೀರಿನ ತೊಟ್ಟಿ ಹಾರಿತು. ಕಾನ್ವೆಂಟಿನಲ್ಲಿ ಕಲಿತ ಮೃದುವಾದ ಇಂಗ್ಲಿಷಿನಲ್ಲಿ ನಾನೇ ಸಮಾಧಾನ ಮಾಡಿದೆ. ಈ ಸಲ ಅದು ಬೇಲಿ ಹಾರಿತು.

ನಾನು ಒಳಗೆ ಹೋದ ಮೇಲೆ ಲಾಯದಿಂದ ಕಾಸದಾರನ ಗಂಟಲು ಕೇಳಿಸಿತು: "ನಿಂತ್ಕೊಳ್ಳೇ ಮೂದೇವಿ! ಎಲ್ಲಿಗೋಯ್ತೀಯ, ನಿಮ್ಮಪ್ಪನ ಮನೆಗಾ?" ಕಿಟಕಿಯಿಂದ ನೋಡಿದೆ. ಮರಿ ಕಣ್ಣು ಅರ್ಧ ಮುಚ್ಚಿ, ತವರಿಗೆ ಬಂದ ಮಗಳಂತೆ ಬೆನ್ನು ಕೊಟ್ಟು ನಿಂತಿತ್ತು.

ಕತ್ತರಿಯ ಸದ್ದು

ಮುಂದಿನದು ಕತ್ತರಿ. ಕತ್ತರಿಸುವ ಮೊದಲು ಅದರ ಸದ್ದು ಪ್ರಾಣಿಗೆ ರೂಢಿಯಾಗಬೇಕು. ಲಾಯದ ಮುಂದೆ ಕುರ್ಚಿ ಹಾಕಿಸಿ, ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆ ಬರಿಗತ್ತರಿ ಆಡಿಸುವಂತೆ ನಮ್ಮ ಯಜಮಾನರನ್ನು ಕೂರಿಸಿದೆ. ಐದು ದಿನದಲ್ಲಿ ಮರಿ ಕಿವಿಯನ್ನೂ ನಿಮಿರಿಸದಷ್ಟು ಒಗ್ಗಿಕೊಂಡಿತು. ಆರನೆಯ ದಿನ ಕಾಸದಾರ ನಿಜವಾಗಿ ಜೂಲಿಗೆ ಕತ್ತರಿ ಇಟ್ಟ. ಮರಿ ಅವನನ್ನು ಹುಲ್ಲಿನ ಮೆದೆಯ ಮೇಲೆ ಕೂರಿಸಿತು.

"ಅಮ್ಮಾವ್ರೇ, ಅದು ಹೆದರ್ತಿದ್ದಿದ್ದು ಸದ್ದಿಗಲ್ಲ, ಕತ್ರಿಗೆ" ಎಂದ ಅವನು ಮೆದೆಯ ಮೇಲಿಂದಲೇ. ಯಜಮಾನರು ಮಾತ್ರ ಆ ಹೊತ್ತಿಗೆ ಸದ್ದಿಗೆ ಚೆನ್ನಾಗಿ ಒಗ್ಗಿದ್ದರು. ಕೈಯಲ್ಲಿ ಕತ್ತರಿ ಆಡಿಸುತ್ತಲೇ ನಿದ್ದೆ ಹೋಗಿದ್ದರು.

ಹಕ್ಕುದಾರ

ಸುದ್ದಿ ಊರಿಗೆ ಹಬ್ಬಿತು. ಮಾರನೆಯ ಬೆಳಿಗ್ಗೆ ನಮ್ಮ ಮನೆಯ ಕ್ಷೌರಿಕ ಅಂಗಳದಲ್ಲಿ ನಿಂತಿದ್ದ. ಪ್ರತಿ ಸುಗ್ಗಿಗೆ ಇವನ ಮನೆಗೆ ನಮ್ಮ ಕಣದಿಂದ ರಾಗಿ ಹೋಗುವುದು ತಲೆಮಾರಿನ ಪದ್ಧತಿ.

"ನಮ್ಮಜ್ಜನ ಕಾಲ್ದಿಂದ ಈ ಮನೆ ಕೂದ್ಲೆಲ್ಲ ನಮ್ದು. ಕಾಸದಾರ ಯಾವೋನು ಕತ್ರಿ ಹಿಡಿಯಕ್ಕೆ?"

"ಇದು ಕುದುರೆ ಕಣಯ್ಯ!"

"ಮನೇದು ತಾನೇ?"

ಒಪ್ಪಿದೆ. ಒಪ್ಪಿದ ಮೇಲೆ ಅಂದು ಶುಕ್ರವಾರ, ಕೂಡದು; ಮಾರನೆಯ ದಿನ ಶನಿವಾರ, ಅಮಾವಾಸ್ಯೆ. ಪ್ರದರ್ಶನ ಸೋಮವಾರ, ಉಳಿದದ್ದು ಭಾನುವಾರ ಒಂದೇ.

ಭಾನುವಾರ ಅವನು ಜೂಲಿಗೆ ನೀರು ಹಚ್ಚುತ್ತ ಊರಿನ ಸಮಾಚಾರ ಶುರುಮಾಡಿದ. ಯಾರ ಮನೆಯಲ್ಲಿ ಅತ್ತೆ ಸೊಸೆ ಒಲೆ ಬೇರೆ ಮಾಡಿದರು, ಯಾರು ಯಾರ ಬದು ಒತ್ತಿದರು ಎಂದು ಮರಿಯ ಕಿವಿಯಲ್ಲಿ ಒಂದೇ ಸಮನೆ ಹೇಳಿದ. ಮರಿ ಕಿವಿ ಮುಂದೆ ಮಾಡಿ ಕಂಬದಂತೆ ನಿಂತಿತು. ನಿಶ್ಚಿಂತೆಯಿಂದ ಕಾಫಿಗೆ ಒಳಗೆ ಹೋದೆ. ಬಂದು ನೋಡಿದರೆ ಕತ್ತಿನ ಮೇಲೆ ಒಂದು ಎಳೆ ಉಳಿದಿಲ್ಲ. ನೆತ್ತಿಯ ಮೇಲೆ ಅಚ್ಚುಕಟ್ಟಾಗಿ ಒಂದು ಜುಟ್ಟು.

"ಅಯ್ಯೋ, ತುದಿ ಮಾತ್ರ ಅಂದಿದ್ದೆನಲ್ಲೋ!"

"ಇದ್ಕೆ ಮೊದ್ಲನೇ ಕೂದ್ಲಲ್ವಾ ಅಮ್ಮಾವ್ರೇ?" ಎಂದ, ಕತ್ತಿ ಒರೆಸುತ್ತ. "ಮನೆದೇವ್ರಿಗೆ ಮುಡಿ ಕೊಡ್ದೆ ತುದಿ ಸವರ್ಬುಟ್ರೆ ಆಮೇಲೆ ಕೆಟ್ಟೆಸ್ರು ನಂಗೆ ಬತ್ತದೆ."

ಪ್ರದರ್ಶನದ ದಿನ

ಡೆಂಕಣಿಕೋಟೆಯಾಕೆ ನಮ್ಮ ಮರಿಯನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ತಿರುಪತಿಯಿಂದ ನೇರ ಬಂದಿರಾ?" ಎಂದರು. ಗೋಡೆಯ ಗೂಡನ್ನು ಮುಚ್ಚಲು ಎಷ್ಟು ಗಾರೆ ಬೇಕಾದೀತು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ.

ಮದರಾಸಿನಿಂದ ತೀರ್ಪು ಹೇಳಲು ಬಂದ ಬಿಳಿ ದೊರೆ ಮಾತ್ರ ನಮ್ಮ ಮರಿಯ ಬಳಿ ನಿಂತೇಬಿಟ್ಟರು. ಕತ್ತು ಸವರಿದರು. "ಪೋಲೊ ಆಡುವ ಕುದುರೆಗಳಿಗೆ ನಾವು ಹೀಗೇ ಬೋಳಿಸುವುದು. ಈ ಸೀಮೆಯಲ್ಲಿ ಇಷ್ಟು ನಯವಾದ ಕೆಲಸ ನೋಡಿರಲಿಲ್ಲ. ಯಾರ ಆಲೋಚನೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನನ್ನದೇ" ಎಂದೆ. ನಾಲಗೆ ತಡವರಿಸಲಿಲ್ಲ.

ಕಪ್ಪು ನನ್ನ ಕೈಗೆ ಬಂತು. ಡೆಂಕಣಿಕೋಟೆಯಾಕೆಯ ಸೆರಗು ಬಾಯಿಂದ ಕಣ್ಣಿಗೆ ಹೋಯಿತು. ದೊರೆ ಮರಿಯ ಕತ್ತಿನ ಮೇಲೆ ಕೈಯಿಟ್ಟು ನಿಂತೇ ಇದ್ದರು. ಅಷ್ಟರಲ್ಲಿ ಗುಂಪನ್ನು ಸೀಳಿಕೊಂಡು ನಮ್ಮ ಕ್ಷೌರಿಕ ಬಂದ. ಅವನ ಹಿಂದೆ ಊರಿನ ಅಕ್ಕಸಾಲಿಗ, ಕೈಯಲ್ಲಿ ಚಿನ್ನದ ತಂತಿ.

"ಮುಡಿ ಆಯ್ತು ಅಮ್ಮಾವ್ರೇ. ಕಿವಿ ಚುಚ್ಚೋದೂ ಆಗ್ಬುಡ್ಲಿ ಅಂತ ಇವ್ನ ಕರ್ಕೊಂಡ್ ಬಂದೆ" ಎಂದ ಕ್ಷೌರಿಕ.

ಅಕ್ಕಸಾಲಿಗ ಮರಿಯನ್ನು ನೋಡಿದ, ಅದನ್ನು ಸವರುತ್ತಿದ್ದ ದೊರೆಯನ್ನು ನೋಡಿದ, ವಿನಯದಿಂದ ನನ್ನ ಕಡೆ ತಿರುಗಿದ.

"ಸೋದರಮಾವ ಇವ್ರೇನಾ? ಕುಂತ್ಕೊಳ್ಳಾಕ್ ಯೋಳಿ, ತೊಡೆ ಮ್ಯಾಲೆ ಕೂರಿಸ್ಬೇಕು."